ಸಿಸೇರಿಯನ್ ಆದಮೇಲಿನ ಮೂರು ದಿನ

ಬೆಂಗಳೂರಿನ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಯಾವುದೇ ಹೆರಿಗೆ ಆಸ್ಪತ್ರೆಯಲ್ಲಿ ಎರಡನೆಯ ದಿನದ ಹೊತ್ತಿಗೆ ಫೋನಿನಲ್ಲಿ ಬರುವ ಪ್ರಶ್ನೆ ಬದಲಾಗಿರುತ್ತದೆ. ಮಗು ಯಾರ ಹಾಗಿದೆ, ತೂಕ ಎಷ್ಟು ಎಂದು ಮೊದಲ ದಿನ ಕೇಳಿದವರೇ ಈಗ "ಹಾಲು ಇಳೀತಾ?" ಎಂದು ವಿಚಾರಿಸುತ್ತಾರೆ. ಕೇಳುವವರಲ್ಲಿ ಕಾಳಜಿ ಇದೆ, ಸಂದೇಹವಿಲ್ಲ. ಆದರೆ ಆಪರೇಷನ್ ಆದ ಬಾಣಂತಿಗೆ ಅದು ಪರೀಕ್ಷೆಯ ಫಲಿತಾಂಶ ಕೇಳಿದ ಹಾಗೆ. ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿದೆ, ಮೂತ್ರದ ಕೊಳವೆ ಆಗಷ್ಟೇ ತೆಗೆದಿದ್ದಾರೆ, ಕೆಮ್ಮಿದರೂ ಹೊಲಿಗೆ ಹಿಡಿದುಕೊಳ್ಳಬೇಕು. ಪಕ್ಕದ ತೊಟ್ಟಿಲಿನಲ್ಲಿ ಮಗು ಅಳುತ್ತಿದೆ, ಅದನ್ನು ಎತ್ತಿಕೊಳ್ಳಲು ಇನ್ನೊಬ್ಬರು ಬೇಕು. ಅದು ಮೂರನೆಯ ಸಲ ಅತ್ತಾಗ ಮನೆಯವರಲ್ಲೊಬ್ಬರು ಕೆಳಗಿನ ಮೆಡಿಕಲ್ ಸ್ಟೋರಿಗೆ ಇಳಿದು ಪುಡಿಹಾಲಿನ ಡಬ್ಬಿ ತರುತ್ತಾರೆ.

ಆ ಡಬ್ಬಿ ಬರುವ ಹೊತ್ತಿಗೆ ತಾಯಿಯ ದೇಹದಲ್ಲಿ ಏನು ನಡೆದಿರುತ್ತದೆ ಎಂದು ಬಹಳ ಮಂದಿಗೆ ಯಾರೂ ಹೇಳಿರುವುದಿಲ್ಲ.

ಇಂಥ ತಾಯಂದಿರ ಸಂಖ್ಯೆ ಈಗ ದೊಡ್ಡದು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. 2015-16ರ ಸಮೀಕ್ಷೆಯಲ್ಲಿ ಅದು ಶೇ 23.6 ಇತ್ತು. ಐದನೆಯ ಸಮೀಕ್ಷೆಯಲ್ಲಿ ದೇಶದ ಸರಾಸರಿ ಶೇ 21.5. ರಾಜ್ಯದ ಖಾಸಗಿ ಆಸ್ಪತ್ರೆಗಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹುಟ್ಟುವುದು ಆಪರೇಷನ್ ಥಿಯೇಟರಿನಲ್ಲೇ. ಒಟ್ಟಾರೆ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುವ ರಾಜ್ಯ ಇದು. ಹಾಗಿದ್ದೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗುವುದು ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ. ಹೆರಿಗೆಯನ್ನು ಆಸ್ಪತ್ರೆಗೆ ತರುವುದರಲ್ಲಿ ನಾವು ಗೆದ್ದಿದ್ದೇವೆ, ಹಾಲೂಡುವುದನ್ನು ಆಸ್ಪತ್ರೆಯ ಕೆಲಸವಾಗಿಸುವುದರಲ್ಲಿ ಗೆದ್ದಿಲ್ಲ.

ಪಶ್ಚಿಮ ಬೆಂಗಳೂರಿನಲ್ಲಿ ಒಂದು ಹೆಣ್ಣುಮಗಳು ಹೆರಿಗೆಗೆ ಹೋಗುವ ಜಾಗಗಳೇ ಹಲವು ಬಗೆಯವು. ಕಾರ್ಡ್ ರಸ್ತೆ, ಮಾಗಡಿ ರಸ್ತೆಗಳ ಉದ್ದಕ್ಕೂ ಇರುವ ನರ್ಸಿಂಗ್ ಹೋಮುಗಳು, ಕಾರ್ಮಿಕ ಕುಟುಂಬಗಳಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ಹೊಸಹಳ್ಳಿ ಮತ್ತು ಶ್ರೀರಾಮಪುರದಲ್ಲಿ ಪಾಲಿಕೆಯ ರೆಫರಲ್ ಆಸ್ಪತ್ರೆಗಳು, ಕೆಂಗೇರಿಯಾಚೆ ಮೈಸೂರು ರಸ್ತೆಯಲ್ಲಿ ಮೆಡಿಕಲ್ ಕಾಲೇಜು. ತೊಡಕಿನ ಹೆರಿಗೆಗಳು ಕೊನೆಗೆ ಸೇರುವುದು ಕಲಾಸಿಪಾಳ್ಯದ ಪಕ್ಕದ ವಾಣಿವಿಲಾಸಕ್ಕೆ. 1935ರಿಂದ ನಡೆಯುತ್ತಿರುವ ಆಸ್ಪತ್ರೆ ಅದು. ಒಂದು ಕಡೆ ಎಸಿ ರೂಮು, ಇನ್ನೊಂದು ಕಡೆ ಸಾಲು ಮಂಚಗಳ ವಾರ್ಡು. ಬಿಲ್ಲಿನ ಮೊತ್ತ ಬೇರೆ ಬೇರೆಯಾದರೂ ಎರಡನೆಯ ರಾತ್ರಿಯ ಗಾಬರಿ ಒಂದೇ.

ಹಾಲಿನ ವಿಷಯಕ್ಕೆ ಬರೋಣ. ಗಿಣ್ಣುಹಾಲು ಹೆರಿಗೆಯಾದ ಮೇಲೆ ಹುಟ್ಟುವುದಲ್ಲ, ಬಸಿರಿನ ಮಧ್ಯಭಾಗದಿಂದಲೇ ಎದೆಯಲ್ಲಿ ತಯಾರಾಗುತ್ತಿರುತ್ತದೆ. ಅದು ತುಂಬಿ ಹರಿಯದಂತೆ ತಡೆಹಿಡಿಯುವುದು ಮಾಸು ಸುರಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಮಾಸು ಹೊರಬಂತೆಂದರೆ ಆ ತಡೆ ಸರಿಯುತ್ತದೆ, ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ತನ್ನ ಕೆಲಸ ಶುರು ಮಾಡುತ್ತದೆ. ಮಾಸು ಯಾವ ದಾರಿಯಿಂದ ಹೊರಬಂತು ಎಂಬ ಲೆಕ್ಕವನ್ನು ದೇಹ ಇಡುವುದಿಲ್ಲ. ಹೊಟ್ಟೆ ಕೊಯ್ದು ತೆಗೆದರೂ ಹಾಲಿಗೆ ಅಪ್ಪಣೆ ಸಿಕ್ಕಿತು ಎಂದೇ ಅರ್ಥ. ಸಾಮಾನ್ಯವಾಗಿ 30ರಿಂದ 72 ಗಂಟೆಗಳೊಳಗೆ ಎದೆ ಭಾರವಾಗಿ, ಬಿಗಿದು, ನಮ್ಮ ಅಜ್ಜಿಯರು ಹೇಳುವಂತೆ ಹಾಲು ಇಳಿಯುತ್ತದೆ. ಅಲ್ಲಿಯವರೆಗೆ ಮಗುವಿಗೆ ಬೇಕಾದದ್ದೂ ಸ್ವಲ್ಪವೇ. ಮೊದಲ 24 ಗಂಟೆಯಲ್ಲಿ ಒಂದು ಸಲಕ್ಕೆ 2ರಿಂದ 10 ಮಿಲಿಲೀಟರ್, ಎರಡನೆಯ ದಿನ 5ರಿಂದ 15. ದಪ್ಪಗೆ, ಹಳದಿಗೆ, ಹನಿಹನಿಯಾಗಿ ಬರುವ ಗಿಣ್ಣುಹಾಲು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಅದನ್ನು ನೋಡಿ "ಏನೂ ಬರ್ತಿಲ್ಲ" ಎನ್ನುವವರು ನಾಲ್ಕನೆಯ ದಿನದ ಹಾಲನ್ನು ಮೊದಲ ದಿನವೇ ಹುಡುಕುತ್ತಿದ್ದಾರೆ.

ಆದರೂ ಸಿಸೇರಿಯನ್ ಆದವರಲ್ಲಿ ಹಾಲು ತುಸು ತಡ ಎಂಬುದು ನಿಜ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸ್ವೀಡನ್ನಿನಲ್ಲಿ ನಡೆದು 1996ರಲ್ಲಿ ಪ್ರಕಟವಾದ ಒಂದು ಅಧ್ಯಯನ ಎರಡನೆಯ ದಿನ ಹಾಲೂಡುವಾಗ ತಾಯಂದಿರ ರಕ್ತದಲ್ಲಿನ ಹಾರ್ಮೋನುಗಳನ್ನು ಅಳೆಯಿತು. ಹಾಲನ್ನು ಹೊರದೂಡುವ ಆಕ್ಸಿಟೋಸಿನ್ ತುರ್ತು ಸಿಸೇರಿಯನ್ ಆದವರಲ್ಲಿ ಕಡಿಮೆ ಸಲ ಚಿಮ್ಮುತ್ತಿತ್ತು, ಪ್ರೊಲ್ಯಾಕ್ಟಿನ್ ಕೂಡ ಏರಬೇಕಾದಂತೆ ಏರಿರಲಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರತಿ ಸಲ ಹಾಲು ಕುಡಿಯುವ ಮೊದಲು ಮತ್ತು ನಂತರ ಮಕ್ಕಳನ್ನು ತೂಗಿ ನೋಡಿದರು. ಎರಡನೆಯ ದಿನದಿಂದ ಐದನೆಯ ದಿನದವರೆಗೆ ಸಹಜ ಹೆರಿಗೆಯ ಮಕ್ಕಳಿಗಿಂತ ಸಿಸೇರಿಯನ್ ಮಕ್ಕಳ ಹೊಟ್ಟೆ ಸೇರಿದ ಹಾಲು ಕಡಿಮೆ. ಆರನೆಯ ದಿನಕ್ಕೆ ಎರಡು ಗುಂಪುಗಳಿಗೂ ವ್ಯತ್ಯಾಸವೇ ಇರಲಿಲ್ಲ.

ಆರನೆಯ ದಿನ ಎಂಬ ಆ ಮಾತನ್ನು ಪ್ರತಿ ಹೆರಿಗೆ ವಾರ್ಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಬೇಕು. ಏಕೆಂದರೆ ಡಬ್ಬಿ ಬರುವುದು ಎರಡನೆಯ ದಿನ.

ಮುಂದಿನ ಕಥೆಯನ್ನೂ ಲೆಕ್ಕ ಹಾಕಿದವರಿದ್ದಾರೆ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 33 ದೇಶಗಳ 53 ಅಧ್ಯಯನಗಳನ್ನು, ಐದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರ ಮಾಹಿತಿಯನ್ನು ಒಟ್ಟು ಸೇರಿಸಿತು. ಸಿಸೇರಿಯನ್ ಆದವರಲ್ಲಿ ಆರಂಭದ ಹಾಲೂಡಿಕೆ ಸ್ಪಷ್ಟವಾಗಿಯೇ ಕಡಿಮೆಯಿತ್ತು. ನೋವು ಬರುವ ಮೊದಲೇ ದಿನ ಗೊತ್ತು ಮಾಡಿ ಮಾಡಿದ ಆಪರೇಷನ್ನುಗಳಲ್ಲಿ ಇನ್ನೂ ಕಡಿಮೆ. ಆದರೆ ಹೇಗೋ ಒಮ್ಮೆ ಶುರು ಮಾಡಿದ ತಾಯಂದಿರನ್ನು ಆರು ತಿಂಗಳ ನಂತರ ನೋಡಿದರೆ, ಸಿಸೇರಿಯನ್ ಆದವರಿಗೂ ಆಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಈ ಪ್ರಶ್ನೆಯ ತಿರುಳು ಇದೇ. ಕತ್ತರಿ ತಾಯಿಯ ಹಾಲನ್ನು ಕತ್ತರಿಸುವುದಿಲ್ಲ, ಕೆಲವು ದಿನ ಮುಂದೂಡುತ್ತದೆ. ಆ ಕೆಲವು ದಿನ ಅವಳ ಪಕ್ಕ ಯಾರು ನಿಂತರು, ಏನು ಹೇಳಿದರು, ಏನು ಮಾಡಿದರು ಎಂಬುದರ ಮೇಲೆ ಉಳಿದದ್ದು ನಿಂತಿದೆ.

ಮೊದಲ ಗಂಟೆಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಭಾರತ ಸರ್ಕಾರ 2016ರ ಆಗಸ್ಟ್‌ನಲ್ಲಿ ಶುರು ಮಾಡಿದ 'ಮಾ' ಕಾರ್ಯಕ್ರಮ ಹೇಳುವುದೂ ಒಂದೇ: ಹುಟ್ಟಿದ ಗಂಟೆಯೊಳಗೆ ಹಾಲು. ಇಂದಿನ ಬಹುಪಾಲು ಸಿಸೇರಿಯನ್‌ಗಳು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವಂಥವು. ತಾಯಿ ಎಚ್ಚರವಾಗಿರುತ್ತಾಳೆ, ಮಗುವಿನ ಮೊದಲ ಅಳು ಕೇಳಿಸಿಕೊಳ್ಳುತ್ತಾಳೆ, ಮಾತಾಡುತ್ತಾಳೆ. ಹೊಲಿಗೆ ಹಾಕುವ ಆ ಹೊತ್ತಿನಲ್ಲೇ ಆರೋಗ್ಯವಂತ ಮಗುವನ್ನು ಒರೆಸಿ ಅವಳ ಎದೆಯ ಮೇಲೆ ಅಡ್ಡಲಾಗಿ ಮಲಗಿಸಿ ಬೆಚ್ಚಗೆ ಹೊದಿಸಬಹುದು. ಲಂಡನ್ನಿನ ಕ್ವೀನ್ ಶಾರ್ಲಟ್ಸ್ ಆಸ್ಪತ್ರೆಯ ವೈದ್ಯರು 2008ರಲ್ಲೇ ಇಂಥ ಸಿಸೇರಿಯನ್ನಿನ ಕ್ರಮವನ್ನು ವಿವರವಾಗಿ ಬರೆದಿದ್ದಾರೆ. ಇದಕ್ಕೆ ಹೊಸ ಯಂತ್ರ ಬೇಡ, ದುಬಾರಿ ಔಷಧ ಬೇಡ. ಇಸಿಜಿ ತಂತಿಗಳನ್ನು ಎದೆಯಿಂದ ಪಕ್ಕಕ್ಕೆ ಅಂಟಿಸಬೇಕು, ಒಂದು ಕೈಯನ್ನು ಕಟ್ಟದೆ ಬಿಡಬೇಕು, ಮಗುವಿನ ಬಣ್ಣ ಮತ್ತು ಉಸಿರಿನ ಮೇಲೆ ಕಣ್ಣಿಡಲು ಒಬ್ಬ ಸಿಸ್ಟರ್ ಬೇಕು.

ಕಷ್ಟ ಇರುವುದು ಆ ಒಬ್ಬ ಸಿಸ್ಟರ್ ಎಂಬಲ್ಲಿ. ಥಿಯೇಟರಿನ ಮುಂದೆ ಇನ್ನೊಂದು ಕೇಸು ಕಾಯುತ್ತಿರುವಾಗ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಮುಖ ಒಮ್ಮೆ ತೋರಿಸಿ, ವಾರ್ಮರಿಗೋ ಹೊರಗೆ ಕಾಯುವ ಅಜ್ಜಿಯ ಕೈಗೋ ಕೊಟ್ಟುಬಿಡುವುದು ಸುಲಭ. ತಾಯಿ ರಿಕವರಿಯಿಂದ ವಾರ್ಡಿಗೆ ಬರಲು ಇನ್ನೆರಡು ಮೂರು ಗಂಟೆ. ಹುಟ್ಟಿದ ಕೂಡಲೇ ಒಂದೆರಡು ಗಂಟೆ ಕಣ್ಣರಳಿಸಿ ತೊಟ್ಟು ಹುಡುಕುವ ಮಗು ಅಷ್ಟರಲ್ಲಿ ಗಾಢ ನಿದ್ದೆಗೆ ಜಾರಿರುತ್ತದೆ. ಆಮೇಲೆ ಎಬ್ಬಿಸಿದರೂ ಬಾಯಿ ತೆರೆಯುವುದಿಲ್ಲ. ಕೇಂದ್ರ ಸರ್ಕಾರದ 'ಲಕ್ಷ್ಯ' ಕಾರ್ಯಕ್ರಮ 2017ರ ಡಿಸೆಂಬರ್‌ನಿಂದ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯ ಜೊತೆಗೆ ಹೆರಿಗೆಯ ಆಪರೇಷನ್ ಥಿಯೇಟರನ್ನೂ ಗುಣಮಟ್ಟದ ಪರೀಕ್ಷೆಗೆ ಒಳಪಡಿಸಿದೆ. ಆ ಕಣ್ಣು ಖಾಸಗಿ ಥಿಯೇಟರುಗಳ ಮೇಲೂ ಬೀಳಬೇಕು. ಆಪರೇಷನ್ನುಗಳು ಅಲ್ಲಿಯೇ ಹೆಚ್ಚು.

ತಾಯಿ ಇನ್ನೂ ರಿಕವರಿಯಲ್ಲಿರುವಾಗ ಅಪ್ಪ ಏನು ಮಾಡಬಹುದು? ಕಾರಿಡಾರಿನಲ್ಲಿ ಸಿಹಿ ಹಂಚುವುದಕ್ಕಿಂತ ಉಪಯುಕ್ತವಾದ ಕೆಲಸವೊಂದಿದೆ. ಶರ್ಟಿನ ಗುಂಡಿ ಬಿಚ್ಚಿ ಮಗುವನ್ನು ಬರಿ ಎದೆಗೆ ಒರಗಿಸಿಕೊಳ್ಳುವುದು. ಸ್ವೀಡನ್ನಿನ 2007ರ ಅಧ್ಯಯನವೊಂದರಲ್ಲಿ ಸಿಸೇರಿಯನ್ ಮಕ್ಕಳು ತೊಟ್ಟಿಲಿನಲ್ಲಿದ್ದಾಗ ಅತ್ತದ್ದಕ್ಕಿಂತ ಅಪ್ಪನ ಎದೆಯ ಮೇಲಿದ್ದಾಗ ಕಡಿಮೆ ಅತ್ತವು. ನಮ್ಮಲ್ಲಿ ಇದು ನಡೆಯದು ಎನ್ನುವವರು ಕೊಪ್ಪಳವನ್ನು ನೋಡಬೇಕು. ಆ ಜಿಲ್ಲೆಯ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದ ಜೊತೆ ಸೇರಿ, ಕಡಿಮೆ ತೂಕದ ಮಕ್ಕಳನ್ನು ಮೈಗೆ ಮೈ ತಾಗಿಸಿ ಸಾಕುವ ಕಾಂಗರೂ ಆರೈಕೆಯನ್ನು ವಾರ್ಡಿನಿಂದ ಮನೆಯವರೆಗೂ ರೂಢಿಗೆ ತಂದಿದೆ. ಕೊಪ್ಪಳದಲ್ಲಿ ಆದದ್ದು ವಿಜಯನಗರದಲ್ಲಿ ಆಗದಿರಲು ಕಾರಣ ಕಾಣುವುದಿಲ್ಲ.

ಇನ್ನು ನೋವು. ನೋವು ತಿನ್ನುತ್ತಿರುವಾಗ ಆಕ್ಸಿಟೋಸಿನ್ ಹಿಂಜರಿಯುತ್ತದೆ, ಹಾಲಿದ್ದರೂ ಇಳಿಯುವುದಿಲ್ಲ. ಹಾಗಿದ್ದೂ ಎಷ್ಟೋ ತಾಯಂದಿರು ಮಾತ್ರೆಯ ಅಂಶ ಹಾಲಿಗೆ ಸೇರೀತು ಎಂದು ಹೆದರಿ ಹಲ್ಲು ಕಚ್ಚಿ ಸಹಿಸುತ್ತಾರೆ. ಆಪರೇಷನ್ ನಂತರ ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಹಾಲೂಡುವವರಿಗೆ ಹೊಂದುವ ಔಷಧಗಳು. ಟ್ರಮಡಾಲ್ ಮತ್ತು ಕೊಡೀನ್ ವಿಷಯದಲ್ಲಿ ಮಾತ್ರ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಕೆ ಕೊಟ್ಟಿದೆ. ಯಾವ ಮಾತ್ರೆ ಎಂದು ಕೇಳಿ ತಿಳಿದುಕೊಂಡು, ಹೊತ್ತಿಗೆ ಸರಿಯಾಗಿ ನುಂಗುವುದು ಮಗುವಿಗೂ ಒಳ್ಳೆಯದೇ.

ಮಗುವನ್ನು ಹಿಡಿಯುವ ಬಗೆ ಇನ್ನೊಂದು. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಹಾಲು ಕೊಡುವುದು ನಾವೆಲ್ಲ ನೋಡಿ ಬೆಳೆದ ಕ್ರಮ. ಹೊಲಿಗೆಯ ಮೇಲೆ ಮಗುವಿನ ಕಾಲು ಒದೆಯುವುದೂ ಆ ಕ್ರಮದಲ್ಲೇ. ಮೊದಲ ದಿನ ತಾಯಿ ಒಂದು ಮಗ್ಗುಲಾಗಿ ಮಲಗಿ, ಬೆನ್ನಿಗೆ ದಿಂಬು ಇಟ್ಟು, ಮಗುವನ್ನು ಎದುರುಬದುರಾಗಿ ಮಲಗಿಸಿಕೊಂಡು ಕೊಡಬಹುದು. ಕೂರಲು ಆದಮೇಲೆ ಮಗುವನ್ನು ಕಂಕುಳ ಕೆಳಗೆ, ಕಾಲು ತಾಯಿಯ ಬೆನ್ನ ಕಡೆ ಹೋಗುವಂತೆ ಹಿಡಿದರೆ ಹೊಟ್ಟೆಗೆ ಭಾರವೇ ಬೀಳದು. ಯಾವ ಭಂಗಿಯಾದರೂ ಬರಿ ತೊಟ್ಟನ್ನಲ್ಲದೆ ಸುತ್ತಲ ಕಪ್ಪು ಭಾಗವನ್ನೂ ಮಗು ಬಾಯಿ ತುಂಬ ಹಿಡಿಯಬೇಕು. ಇಲ್ಲವಾದರೆ ತೊಟ್ಟು ಒಡೆಯುತ್ತದೆ, ಹೊಲಿಗೆಯ ನೋವಿಗೆ ಇದೂ ಸೇರುತ್ತದೆ. ಇಷ್ಟನ್ನು ಕೈ ಹಿಡಿದು ತೋರಿಸಲು ಇಪ್ಪತ್ತು ನಿಮಿಷ ಸಾಕು. ಗೋಡೆಯ ಮೇಲಿನ ಚಿತ್ರ ನೋಡಿ ಯಾರೂ ಕಲಿಯಲಾರರು.

ಮಗು ಹುಷಾರಿಲ್ಲದೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಸೇರಿದರೆ ಕಥೆ ಇನ್ನೂ ಬಿಗಿಯಾಗುತ್ತದೆ. ಎದೆ ಚೀಪುವ ಬಾಯಿಯೇ ಪಕ್ಕದಲ್ಲಿಲ್ಲ. ಆಗ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೈಯಿಂದ ಹಿಂಡಿ ಹನಿಗಳನ್ನು ಚಮಚದಲ್ಲೋ ಸಿರಿಂಜಿನಲ್ಲೋ ಹಿಡಿಯಬೇಕು, ದಿನಕ್ಕೆ ಎಂಟು ಸಲವಾದರೂ. ಗಿಣ್ಣುಹಾಲಿಗೆ ಮೊದಲೆರಡು ದಿನ ಯಂತ್ರದ ಪಂಪಿಗಿಂತ ಕೈಯೇ ಮೇಲು, ಏಕೆಂದರೆ ಆ ಕೆಲವು ಹನಿ ಪಂಪಿನ ಕೊಳವೆಗೇ ಅಂಟಿ ಹೋಗುತ್ತವೆ. ತಾಯಿಯ ಹಾಲು ಸಾಲದ ಕೂಸುಗಳಿಗೆ ಇನ್ನೊಬ್ಬ ತಾಯಿಯ ಹಾಲು ಸಿಗಲಿ ಎಂದು ವಾಣಿವಿಲಾಸದಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಎದೆಹಾಲಿನ ಬ್ಯಾಂಕ್ ಶುರುವಾಯಿತು. ದಾನಿಗಳ ರಕ್ತ ಪರೀಕ್ಷಿಸಿ, ಹಾಲನ್ನು ಪಾಶ್ಚರೀಕರಿಸಿ, ಘನೀಕರಿಸಿ ಇಡುವ ವ್ಯವಸ್ಥೆ ಇಂಥ ಬ್ಯಾಂಕುಗಳದು. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಇಂಥ ಬ್ಯಾಂಕನ್ನು 1989ರಲ್ಲೇ ತೆರೆದಿದ್ದರು. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಅದು ಬರಲು ಮೂರು ದಶಕ ಹಿಡಿಯಿತು.

ಮನೆಯ ರೂಢಿಗಳ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲಾಗದು. ಬಾಣಂತನ ಎಂಬ ವ್ಯವಸ್ಥೆ ತಾಯಿಗೆ ಕೊಡುವಷ್ಟು ವಿಶ್ರಾಂತಿಯನ್ನು ಯಾವ ರಜೆಯೂ ಕೊಡಲಾರದು. ಸಬ್ಬಸಿಗೆ ಸೊಪ್ಪಿನ ಸಾರು, ಬೆಳ್ಳುಳ್ಳಿ, ಮೆಂತ್ಯ, ಅಂಟಿನ ಉಂಡೆಗಳಲ್ಲಿ ಅಕ್ಕರೆಯೂ ಇದೆ, ಪೌಷ್ಟಿಕತೆಯೂ ಇದೆ. ತೊಂದರೆಯಾಗುವುದು ಪಥ್ಯದಲ್ಲಿ. ನೀರು ಕುಡಿದರೆ ಹೊಲಿಗೆ ಕೀವಾಗುತ್ತದೆ, ಹೊಟ್ಟೆ ದಪ್ಪವಾಗುತ್ತದೆ ಎಂದು ಬಾಣಂತಿಗೆ ಲೋಟ ಎಣಿಸಿ ನೀರು ಕೊಡುವ ಮನೆಗಳು ಇನ್ನೂ ಇವೆ. ಗಾಯಕ್ಕೂ ನೀರಿಗೂ ಅಂಥ ಸಂಬಂಧವಿಲ್ಲ, ಬಾಯಾರಿದಷ್ಟು ಅವಳು ಕುಡಿಯಲೇಬೇಕು. ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ ನೆಕ್ಕಿಸುವುದಂತೂ ಅಪಾಯ. ಜೇನಿನಲ್ಲಿ ಇರಬಹುದಾದ ಬೊಟುಲಿಸಮ್ ಬೀಜಾಣುವನ್ನು ವರ್ಷ ತುಂಬದ ಕೂಸು ತಾಳಲಾರದು. ಅದೇ ಅಜ್ಜಿಯರ ಪೆಟ್ಟಿಗೆಯಲ್ಲಿರುವ ಒಳಲೆಯನ್ನು ಮಾತ್ರ ಧಾರಾಳವಾಗಿ ಹೊರತೆಗೆಯಬಹುದು. ಹಿಂಡಿದ ಹಾಲನ್ನು ಬಾಟಲಿಯ ನಿಪ್ಪಲ್ಲಿಗಿಂತ ಕುದಿಸಿ ತೊಳೆದ ಒಳಲೆಯಲ್ಲಿ ಕುಡಿಸುವುದು ಒಳ್ಳೆಯದೆಂದು ಮಕ್ಕಳ ವೈದ್ಯರೂ ಹೇಳುತ್ತಾರೆ.

ಮುಹೂರ್ತದ ಸಿಸೇರಿಯನ್ ಬಗ್ಗೆ ಇಷ್ಟು ಮೃದುವಾಗಿ ಹೇಳುವುದು ಕಷ್ಟ. ನಕ್ಷತ್ರ ನೋಡಿ 37 ವಾರಕ್ಕೆ ಹೊರತೆಗೆದ ಮಗು ಕಣ್ಣಿಗೆ ದುಂಡಗೆ ಕಂಡರೂ ಚೀಪುವುದರಲ್ಲಿ ಸೋಮಾರಿ. ಬೇಗ ದಣಿಯುತ್ತದೆ, ನಿದ್ದೆ ಹೋಗುತ್ತದೆ, ಕಾಮಾಲೆಗೂ ಬೇಗ ತುತ್ತಾಗುತ್ತದೆ. ವೈದ್ಯಕೀಯ ಕಾರಣವಿಲ್ಲದೆ 39 ವಾರಕ್ಕೆ ಮೊದಲು ಆಪರೇಷನ್ ಬೇಡ ಎಂಬುದು ಪ್ರಸೂತಿ ತಜ್ಞರ ಒಪ್ಪಿತ ಮಾತು. ಆ ಮಾತನ್ನು ಜ್ಯೋತಿಷಿಗೂ ಯಾರಾದರೂ ತಲುಪಿಸಬೇಕು.

ಹಾಗಾದರೆ ಪುಡಿಹಾಲು ಎಂದೂ ಬೇಡವೇ? ಬೇಕಾಗುವ ಸಂದರ್ಭಗಳಿವೆ, ಆಗ ಕೊಡದಿರುವುದು ತಪ್ಪು. ರಕ್ತದಲ್ಲಿ ಸಕ್ಕರೆ ತೀರ ಇಳಿದ ಮಗು, ತೂಕ ಅತಿಯಾಗಿ ಕಳೆದುಕೊಂಡು ನಿರ್ಜಲವಾದ ಮಗು, ಹಾಲು ಕೊಡಲಾರದಷ್ಟು ಕಾಯಿಲೆಯಾದ ತಾಯಿ ಇದ್ದೇ ಇರುತ್ತಾರೆ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಎದೆಹಾಲಿನ ಮಕ್ಕಳ ತೂಕ ಪರಿಶೀಲಿಸಿದ 2015ರ ಅಧ್ಯಯನದಲ್ಲಿ, ಸಿಸೇರಿಯನ್ ಮಕ್ಕಳಲ್ಲಿ ಕಾಲುಭಾಗಕ್ಕೂ ಹೆಚ್ಚು ಮಕ್ಕಳು 72 ಗಂಟೆಯೊಳಗೆ ಹುಟ್ಟುತೂಕದ ಶೇ 10 ಅಥವಾ ಹೆಚ್ಚು ಕಳೆದುಕೊಂಡಿದ್ದರು. ಇದರಲ್ಲಿ ಒಂದು ಪಾಲು ಬರಿ ನೀರು. ಆಪರೇಷನ್ನಿಗೆ ಮುನ್ನ ತಾಯಿಗೆ ಏರಿಸಿದ ಡ್ರಿಪ್ಪಿನ ನೀರು ಮಗುವಿಗೂ ಸೇರಿ ಹುಟ್ಟುತೂಕವನ್ನು ತುಸು ಉಬ್ಬಿಸಿರುತ್ತದೆ, ಮೊದಲ ದಿನ ಅದು ಮೂತ್ರವಾಗಿ ಹೋಗುತ್ತದೆ. ಆದ್ದರಿಂದ ತೂಕದ ಚೀಟಿಯೊಂದನ್ನೇ ನೆಚ್ಚದೆ ಒದ್ದೆ ಬಟ್ಟೆಗಳನ್ನೂ ಎಣಿಸಬೇಕು. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ, ಐದಾರು ದಿನಕ್ಕೆ ಆರು ಸಲವಾದರೂ ಮಗು ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಹೋಗುತ್ತಿದೆ ಎಂದೇ ಅರ್ಥ. ಉಚ್ಚೆ ನಿಂತರೆ, ಎಬ್ಬಿಸಿದರೂ ಏಳದಂತಾದರೆ, ಹಳದಿ ಕಾಲಿನವರೆಗೆ ಇಳಿದರೆ ಮಾತ್ರ ಕಾಯುವಂತಿಲ್ಲ.

ವೈದ್ಯರು ಅಳೆದು, ಕಾರಣ ಹೇಳಿ, ಇಷ್ಟು ದಿನ ಇಷ್ಟು ಎಂದು ಬರೆದ ಪುಡಿಹಾಲು ಔಷಧದ ಹಾಗೆ. ಗಾಬರಿಗೆ ತಂದ ಡಬ್ಬಿಯ ದಾರಿ ಬೇರೆ. ಹೊಟ್ಟೆ ತುಂಬಿದ ಮಗು ಮೂರು ನಾಲ್ಕು ಗಂಟೆ ಮಲಗುತ್ತದೆ, ಅಷ್ಟು ಹೊತ್ತು ಎದೆಗೆ ಬೇಡಿಕೆಯೇ ಹೋಗುವುದಿಲ್ಲ, ಬೇಡಿಕೆಯಿಲ್ಲದ ಹಾಲು ತಯಾರಾಗುವುದಿಲ್ಲ. ನಾಲ್ಕನೆಯ ದಿನ "ನಿನಗೆ ಹಾಲೇ ಇಲ್ಲ" ಎಂಬ ಮಾತು ನಿಜವಾಗಿಬಿಡುತ್ತದೆ. ಪುಡಿಹಾಲಿನ ಪ್ರಚಾರವನ್ನು ತಡೆಯಲೆಂದೇ 1992ರಲ್ಲಿ ಕಾಯ್ದೆ ಬಂತು, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಶಿಶುಹಾಲಿನ ಜಾಹೀರಾತು, ಉಚಿತ ಮಾದರಿ, ಆಸ್ಪತ್ರೆಯವರಿಗೆ ಉಡುಗೊರೆ, ಡಬ್ಬಿಯ ಮೇಲೆ ಮಗುವಿನ ಚಿತ್ರ ಎಲ್ಲವೂ ನಿಷಿದ್ಧ. ಆದರೆ ನಡುರಾತ್ರಿ ಅಳುವ ಮಗುವನ್ನು ಹಿಡಿದು ನಿಂತ ಅಜ್ಜಿಗೆ ಕಾನೂನು ಸಹಾಯ ಮಾಡದು, ವಾರ್ಡಿನಲ್ಲಿರುವ ಮನುಷ್ಯರು ಮಾಡಬೇಕು.

ಆಸ್ಪತ್ರೆಯಿಂದ ಹೊರಟ ಮೇಲೂ ನೆರವಿನ ಎಳೆಗಳು ಇವೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಿಗೆ ಏಳು ದಿನದವರೆಗೆ ಉಚಿತ ಊಟ ಕೊಡುತ್ತದೆ. ಆ ಏಳು ದಿನ ಹಾಲು ಕುದುರುವ ದಿನಗಳೂ ಹೌದು. ಆಶಾ ಕಾರ್ಯಕರ್ತೆ 3ನೆಯ ದಿನದಿಂದ 42ನೆಯ ದಿನದೊಳಗೆ ಆರು ಸಲ ಬಾಣಂತಿಯನ್ನು ನೋಡಬೇಕೆಂಬ ನಿಯಮವಿದೆ. ಹಳ್ಳಿಯಲ್ಲಿ ಆಶಾಗೆ ಪ್ರತಿ ಮನೆಯೂ ಗೊತ್ತು. ಬಸವೇಶ್ವರನಗರದ ಅಪಾರ್ಟ್‌ಮೆಂಟಿನ ಗೇಟು ದಾಟಿ ಅವಳು ಒಳಗೆ ಹೋಗುವುದು ಕಷ್ಟ. ಬಾಣಂತಿ ತವರಿಗೆಂದು ತುಮಕೂರಿಗೋ ಮಂಡ್ಯಕ್ಕೋ ಹೊರಟರೆ ಎರಡೂ ಊರಿನ ಪಟ್ಟಿಯಿಂದ ತಪ್ಪಿಹೋಗುವುದೂ ಉಂಟು.

ಪೀಣ್ಯ ಮತ್ತು ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರ ಲೆಕ್ಕ ಇನ್ನೊಂದು. ಇಎಸ್‌ಐ ವ್ಯಾಪ್ತಿಯವರಿಗೆ ಮೊದಲೆರಡು ಹೆರಿಗೆಗೆ 26 ವಾರದ ಸಂಬಳಸಹಿತ ರಜೆ ಇದೆ. ಕಾನೂನಿನ ಪ್ರಕಾರ ಕೆಲಸಕ್ಕೆ ಮರಳಿದ ತಾಯಿಗೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು, 50 ಅಥವಾ ಹೆಚ್ಚು ಜನರಿದ್ದಲ್ಲಿ ಶಿಶುಪಾಲನಾ ಕೇಂದ್ರ ಸಿಗಬೇಕು. ಮನೆಗೆಲಸ ಮಾಡುವವರಿಗೆ, ಬೀದಿಯಲ್ಲಿ ಹೂವು ಮಾರುವವರಿಗೆ ಇದಾವುದೂ ಇಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ 5,000 ರೂಪಾಯಿ ಬೆಂಗಳೂರಿನಲ್ಲಿ ಎಷ್ಟು ದಿನ ಬಂದೀತು? ಹೊಲಿಗೆ ಮಾಯುವ ಮೊದಲೇ ಕೆಲಸಕ್ಕೆ ಹೊರಟವಳಿಗೆ ಭಂಗಿಯ ಪಾಠ ಹೇಳುವುದು ಅನ್ಯಾಯ.

ಸಿಸೇರಿಯನ್ ಕಡಿಮೆಯಾಗಬೇಕೆಂಬ ಚರ್ಚೆ ನಡೆಯಲಿ, ಅದು ಬೇಕಾದದ್ದೇ. ಜನಸಂಖ್ಯೆಯ ಮಟ್ಟದಲ್ಲಿ ಶೇ 10ನ್ನು ದಾಟಿದ ಮೇಲೆ ಸಿಸೇರಿಯನ್ ಹೆಚ್ಚಿದಷ್ಟೂ ಸಾವು ಇಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಆದರೆ ಆ ಚರ್ಚೆ ಮುಗಿಯುವವರೆಗೆ ಈ ವಾರ ಥಿಯೇಟರಿಗೆ ಹೋಗುವ ತಾಯಿ ಕಾಯಲಾರಳು. ಎಂಟನೆಯ ತಿಂಗಳ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ಹೋದಾಗಲೇ ಅವಳೂ ಅವಳ ಮನೆಯವರೂ ಆಸ್ಪತ್ರೆಯನ್ನು ಕೇಳಬೇಕಾದದ್ದು ಕೆಲವಿದೆ. ಆಪರೇಷನ್ ಆದರೆ ಮಗುವನ್ನು ಥಿಯೇಟರಿನಲ್ಲೇ ಎದೆಗೆ ಕೊಡುತ್ತೀರಾ, ರಿಕವರಿಯಲ್ಲಿ ಜೊತೆಗಿಡುತ್ತೀರಾ, ನಮ್ಮನ್ನು ಕೇಳದೆ ಪುಡಿಹಾಲು ಕೊಡುತ್ತೀರಾ, ಹಾಲೂಡುವುದನ್ನು ತೋರಿಸಿಕೊಡಲು ತರಬೇತಿ ಪಡೆದ ಸಿಸ್ಟರ್ ಇದ್ದಾರಾ, ಇದ್ದರೆ ರಾತ್ರಿ ಪಾಳಿಯಲ್ಲೂ ಇರುತ್ತಾರಾ. ರೂಮಿನ ಬಾಡಿಗೆ, ಪ್ಯಾಕೇಜಿನ ದರ ವಿಚಾರಿಸುವಷ್ಟೇ ಸಲೀಸಾಗಿ ಇವನ್ನೂ ನಾಲ್ಕು ಜನ ಕೇಳತೊಡಗಿದರೆ, ಕಾರ್ಡ್ ರಸ್ತೆಯ ನರ್ಸಿಂಗ್ ಹೋಮುಗಳು ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರನ್ನು ನೇಮಿಸಲು ಹೆಚ್ಚು ಕಾಲ ತೆಗೆದುಕೊಳ್ಳಲಾರವು.